ಅತ್ತೆಯ ಎಲೆ

ಬಡಾವಣೆಯಲ್ಲಿ ಕಟ್ಟಡ ಕೆಲಸಕ್ಕೆಂದು ಬಂದು ನೆಲೆಸಿದ ಹೊರರಾಜ್ಯದವರ ಮಕ್ಕಳಿಗೆ ಶಿಶುವಿಹಾರ ತೆರೆಯಲು ಮಹಿಳಾ ಸಂಘದವರು ಸಹಾಯಾರ್ಥ ಊಟ ಏರ್ಪಡಿಸಿದ್ದರು. ಕೂಪನ್ ಕೊಂಡವರೂ ಆ ಕುಟುಂಬಗಳೂ ಒಂದೇ ಪಂಕ್ತಿಯಲ್ಲಿ ಕೂರಬೇಕೆಂದು ಹಟ ಹಿಡಿದವಳು ಸಂಘದ ಸದಸ್ಯೆ ಕುಮುದಾ. ಅವಳಿಗಿದ್ದ ಭಯವೆಲ್ಲ ತನ್ನ ಅತ್ತೆಯದೇ. ವಾರದಿಂದಲೂ ಅತ್ತೆ ಗೊಣಗುತ್ತಲೇ ಇದ್ದರು: “ಅವರೂ ನಾವೂ ಒಟ್ಟಿಗೇ ಕೂತು ಉಣ್ಣೋದಾ? ಇದ್ಯಾವ ಪದ್ಧತಿಯೇ?”

ಮಂಡಿನೋವಿನ ನೆಪ ಹೇಳಿ ಮನೆಯಲ್ಲೇ ಬಿಟ್ಟು ಬರೋಣವೆಂದರೆ, ಅತ್ತೆ ಎಲ್ಲರಿಗಿಂತ ಮುಂಚೆ ರೇಷ್ಮೆ ಸೀರೆ ಉಟ್ಟು ಆಟೋದಲ್ಲಿ ಕೂತಿದ್ದರು.

ಎಲೆ ಹಾಕಿದರು. ಬಿಹಾರದ ಫೂಲಮತಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಖಾಲಿ ಎಲೆ ತೋರಿಸಿ, “ಬನ್ನಿ ಅಮ್ಮಾ” ಎಂದಳು. ಅತ್ತೆ ನಿಂತಲ್ಲೇ ನಿಂತರು.

“ಕೂತ್ಕೊಳ್ಳಿ ಅತ್ತೆ,” ಎದುರು ಸಾಲಿನಲ್ಲಿ ಕೂತಿದ್ದ ಕುಮುದಾ ಮೆಲ್ಲಗೆ ಹೇಳಿದಳು.

“ನಾನು ಕೂರಲ್ಲ.”

“ನನ್ನ ಮರ್ಯಾದೆ ಹಾಳಾಗಲಿ, ಪಾಪ, ಅವಳ ಮುಖನಾದ್ರೂ ನೋಡಿ.”

“ನೋಡಿದೆ. ಅದಕ್ಕೇ ಕೂರಲ್ಲ ಅಂದಿದ್ದು.”

ಫೂಲಮತಿ ಮಗುವನ್ನೆತ್ತಿಕೊಂಡು ಏಳಹೊರಟಳು. ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಡಿಸುವವನ ಕೈಯಿಂದ ಪಾಯಸದ ಬಕೆಟ್ ಇಸಿದುಕೊಂಡು, ಸೊಸೆಯ ಕಡೆ ತಿರುಗಿದರು.

“ಊರು ಬಿಟ್ಟು ಬಂದಿರೋರನ್ನ ಊಟಕ್ಕೆ ಕರೆದು, ಕರೆದೋರೇ ಎಲೆ ಮುಂದೆ ಕೂತುಬಿಡ್ತಾರೇನೇ? ಏಳು, ಕೋಸಂಬರಿ ಬಡಿಸು.”