ಧ್ವನಿ ಮಾತ್ರ

ಸ್ಟುಡಿಯೋದ ಎಂಜಿನಿಯರ್ ಒಂದು ಗುಂಡಿ ಒತ್ತಿದ. ಹತ್ತೊಂಬತ್ತು ವರ್ಷದಿಂದ ಹಾಡಿನೊಳಗೆ ಓಡುತ್ತಲೇ ಇದ್ದ ಹೊಲಿಗೆ ಯಂತ್ರ ಗಪ್ಪನೆ ನಿಂತಿತು.

"ನೋಡಿ ಮೇಡಂ, ನಿಮ್ಮ ಮಿಶಿನ್ನೇ ಬೇರೆ, ಸಾರ್ ಧ್ವನಿನೇ ಬೇರೆ. ಹಾಲು ನೀರು ಬೇರೆ ಮಾಡಿದ ಹಾಗೆ ಮಾಡಿಟ್ಟಿದ್ದೀನಿ," ಎಂದು ಅವನು ಬೀಗಿದ.

ಗಾಯಕ ಅವನತ್ತ ತಿರುಗಿದ. "ಹೀಗೆ ಮಾಡು ಅಂತ ನಿಮಗೆ ಯಾರು ಹೇಳಿದ್ದು?"

"ನಾನೇ ಕಣ್ರೀ," ಎಂದಳು ಹೆಂಡತಿ, ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಫೋನ್ ಮಾಡಿ ಕೇಳ್ಕೊಂಡೆ. ಕಂಪನಿಯವರು ನಿಮ್ಮ ಹಳೇ ಹಾಡೆಲ್ಲಾ ಮತ್ತೆ ತರ್ತಾರಂತೆ. ಅಷ್ಟರಲ್ಲಿ ನಾನೊಂದ್ಸಲ ಪದ ಕೇಳ್ಬೇಡ್ವಾ? ಇವತ್ತಿನವರೆಗೂ ಒಂದಾದ್ರೂ ಕಿವಿಗೆ ಬಿದ್ದಿದ್ರೆ ಹೇಳಿ."

ಬೀಳುವುದಾದರೂ ಹೇಗೆ? ಒಂದೇ ಕೋಣೆಯ ಮನೆ, ಒಂದು ಹಳೇ ಕ್ಯಾಸೆಟ್ ರೆಕಾರ್ಡರ್, ಕಾಲ್ಚೀಲ ಸುತ್ತಿದ ಒಂದು ಮೈಕು. ಅವಳು ಕಿಟಕಿಯ ಬಳಿ ಕೂತು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವಳು. ಅವನು ಮೂಲೆಯಲ್ಲಿ ಗಿಟಾರು ಹಿಡಿದು ಗೋಡೆಗೆ ಮುಖ ಮಾಡಿ ಗೊಣಗುವನು. "ಮಿಶಿನ್ ನಿಲ್ಲಿಸ್ಲಾ?" ಎಂದು ಅವಳು ಕೇಳಿದರೆ, "ಬೇಡ ಬೇಡ, ಅದೇ ನನ್ನ ತಾಳ," ಎನ್ನುವನು. ಅವಳು ಉಬ್ಬಿಹೋದಳು. ಅವನ ಹಾಡಿನ ವೇಗಕ್ಕೆ ಸರಿಯಾಗಿ ತುಳಿಯುವುದನ್ನು ಕಲಿತಳು. ಒಂದೊಂದು ಆಲ್ಬಮ್ಮಿಗೂ ನಲವತ್ತೇ ಕ್ಯಾಸೆಟ್ಟು. ಒಂದೊಂದಕ್ಕೂ ಚೂರು ಬಟ್ಟೆಯಲ್ಲಿ ಚೀಲ ಹೊಲಿದವಳೂ ಅವಳೇ. ಕೇಳಿದವರಿಂದ ವರ್ಷಕ್ಕೊಂದೋ ಎರಡೋ ಕಾಗದ ಬರುತ್ತಿದ್ದವು. ಎಲ್ಲರೂ ಹೊಗಳುತ್ತಿದ್ದದ್ದು ಹಿಂದಿನ ಆ ಟಕಟಕವನ್ನು. ಅವನನ್ನಲ್ಲ.

ಪದ ಕೇಳಿಸಬಾರದೆಂದೇ ಅವನಿಗೆ ಆ ಸದ್ದು ಬೇಕಾಗಿತ್ತು ಎನ್ನುವುದು ಅವನೊಬ್ಬನಿಗೇ ಗೊತ್ತು. ಒಳಗಿನದನ್ನೆಲ್ಲ ಕಾರಿಕೊಂಡು, ಮೇಲೆ ಅವಳ ಯಂತ್ರವನ್ನೇ ಮುಚ್ಚಳದಂತೆ ಮುಚ್ಚಿಬಿಟ್ಟರೆ ಹಾಡಿಗೆ ಹಾಡೂ ಆಯಿತು, ಸಂಸಾರವೂ ಉಳಿಯಿತು ಎಂದು ಲೆಕ್ಕ ಹಾಕಿದ್ದ. ಒಂದು ಗುಂಡಿ ಒತ್ತಿ ಆ ಮುಚ್ಚಳ ತೆಗೆಯುವ ಕಾಲ ಬರುತ್ತದೆಂದು ಯಾರು ಕಂಡಿದ್ದರು?

"ಈ ಹಾಡು ಬೇಡ. ಇದು ಸರಿಯಾಗಿ ಬಂದಿಲ್ಲ," ಎಂದ ಗಾಯಕ.

"ನಿಮ್ಮದು ಯಾವುದು ಸರಿಯಾಗಿ ಬಂದಿತ್ತು ಬಿಡಿ," ಎಂದು ಅವಳು ನಕ್ಕಳು. "ನೀನು ಹಾಕಪ್ಪಾ."

ಹಾಕಿದ. ಹತ್ತೊಂಬತ್ತು ವರ್ಷದ ಹಿಂದಿನ ಗಾಯಕನ ಎಳೆಯ ಧ್ವನಿ, ಪಕ್ಕದಲ್ಲಿ ಕೂತು ಹೇಳುವಷ್ಟು ಸ್ಪಷ್ಟವಾಗಿ ಬಂತು.

"ಈ ಸದ್ದು ನಿಂತರೆ ಸಾಕು, ಇವಳು ಎದ್ದು ಹೋದರೆ ಸಾಕು. ಇವಳು ದುಡಿದ ಅನ್ನ ಉಂಡು ಉಂಡು ನನ್ನ ನಾಲಿಗೆ ಸತ್ತಿತು. ಇವಳಿಲ್ಲದ ಮನೆಯಲ್ಲಿ ಒಂದು ಬೆಳಗ್ಗೆ ನಾನು ಎದ್ದರೆ ಸಾಕು."

ಎಂಜಿನಿಯರ್ ಪಾಪ, ಪರದೆಯ ಮೇಲಿನ ಗೆರೆ ನೋಡುವವನೇ ಹೊರತು ಪದ ಕೇಳುವವನಲ್ಲ. ಮೂರನೇ ಸಾಲಿಗೆ ಅವನಿಗೂ ಹೊಳೆದು, ಕೈ ಗುಂಡಿಯ ಕಡೆ ಹೋಯಿತು. ಹೆಂಡತಿ ಆ ಕೈಯನ್ನು ಹಿಡಿದುಕೊಂಡಳು. ಹಾಡು ಮುಗಿಯುವ ತನಕ ಬಿಡಲಿಲ್ಲ.

"ಅದು ಬರೀ ಹಾಡು ಕಣೇ," ಎಂದ ಗಾಯಕ. "ಹಾಡು ಅಂದ್ರೆ ಹಾಗೇ. ಬಾಯಿಗೆ ಬಂದಿದ್ದು ಹಾಡಿದ್ದು. ನಿಜ ಅಲ್ಲ."

"'ನಾನು ಸುಳ್ಳು ಹೇಳದೇ ಇರೋದು ಹಾಡಲ್ಲಿ ಮಾತ್ರ' ಅಂತ ಮೊದಲನೇ ಕ್ಯಾಸೆಟ್ಟಿಗೆ ನೀವೇ ಬರೆದ್ರಲ್ಲ. ನಲವತ್ತು ಚೀಲದ ಮೇಲೂ ಅದನ್ನ ಕೆಂಪು ದಾರದಲ್ಲಿ ಹೊಲಿದೋಳು ನಾನು."

ಆ ಹಾಡು ಕಟ್ಟುವಾಗ ಗಾಯಕನಿಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಇದ್ದದ್ದೆಲ್ಲ ತನ್ನ ಮೇಲೆ, ಯಾರಿಗೂ ಬೇಡವಾದ ತನ್ನ ಹಾಡಿನ ಮೇಲೆ. ಅದನ್ನು ಹಾಡುವ ಎದೆಗಾರಿಕೆಯಿಲ್ಲದೆ, ಕೈಗೆ ಸಿಕ್ಕವಳ ತಲೆಗೆ ಕಟ್ಟಿದ್ದ. ಇವತ್ತು ಹಾಗೆಂದರೆ ನಂಬುವವರು ಯಾರು? ಅವನಿಗೇ ಅದು ನೆಪದಂತೆ ಕೇಳಿಸುತ್ತಿತ್ತು.

"ಇಂಥವು ಒಟ್ಟು ಎಷ್ಟಿವೆಯಪ್ಪಾ?" ಎಂದು ಅವಳು ಎಂಜಿನಿಯರನ್ನು ಕೇಳಿದಳು.

"ಅರವತ್ತೆರಡು, ಮೇಡಂ."

"ಎಲ್ಲದರಲ್ಲೂ ಧ್ವನಿ ಬೇರೆ ಮಾಡಿದ್ದೀಯಾ?"

ಅವನು ತಲೆ ತಗ್ಗಿಸಿ ಹೂಂಗುಟ್ಟಿದ.

"ಹಾಗಾದ್ರೆ ಹಾಕು. ಮೊದಲಿಂದ ಹಾಕು."

"ಬೇಡ ಕಣೇ, ದಮ್ಮಯ್ಯ ಅಂತೀನಿ. ಬಾ, ಮನೆಗೆ ಹೋಗೋಣ," ಎಂದು ಗಾಯಕ ಅವಳ ಭುಜ ಮುಟ್ಟಿದ. ಅವಳು ಭುಜ ಸರಿಸಿಕೊಂಡು, ಮೇಜಿನ ಮೇಲಿದ್ದ ಹೆಡ್‌ಫೋನ್ ತೆಗೆದು ಎರಡೂ ಕಿವಿಗೆ ಹಾಕಿಕೊಂಡಳು. ಇನ್ನು ಅವನು ಏನು ಹೇಳಿದರೂ ಅವಳಿಗೆ ಕೇಳಿಸುವಂತಿರಲಿಲ್ಲ. ಅವನು ಬಾಗಿಲು ತೆಗೆದು ಹೊರಗೆ ಬಂದ.

ಗಾಜಿನ ಆಚೆ ನಿಂತು ನೋಡಿದ. ತನ್ನ ಹಾಡನ್ನು ಒಂದು ಪದವೂ ಬಿಡದೆ ಒಬ್ಬರು ಕೂತು ಕೇಳುವುದನ್ನು ಅವನು ಜೀವಮಾನದಲ್ಲಿ ನೋಡಿರಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದೊಂದು ಹಾಡು ಮುಗಿದಾಗಲೂ, ಅವನತ್ತ ತಿರುಗದೆ, ಒಂದು ಬೆರಳೆತ್ತಿ ಮುಂದಿನದನ್ನು ಹಾಕೆಂದಳು.