ಅಜ್ಜಿಗೆ ನಾನು ಹೇಳಿದ ಕೊನೆಯ ಕಂತು

ಮಹಾನಾರಾಯಣ ತೈಲದ ವಾಸನೆ ಬಂದರೆ ನನಗೆ ಈಗಲೂ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು.

ಕೊರೋನಾದಿಂದ ವಿಮಾನಗಳು ನಿಂತು, ಉಡುಪಿಯಿಂದ ಬಂದಿದ್ದ ಅಜ್ಜಿ ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಮನೆಯಲ್ಲೇ ಉಳಿದುಬಿಟ್ಟಿದ್ದರು. ದಿನಾ ಮಧ್ಯಾಹ್ನ ಕೊರಿಯನ್ ಸೀರಿಯಲ್ ನೋಡುತ್ತಾ, ಹುಟ್ಟಿನಿಂದಲೇ ಸಣಕಲಾಗಿದ್ದ ನನ್ನ ಎಡಗಾಲಿಗೆ ಆ ಎಣ್ಣೆ ತಿಕ್ಕುತ್ತಿದ್ದರು; ಸರಿಯಿದ್ದ ಬಲಗಾಲನ್ನು ಮುಟ್ಟುತ್ತಿರಲಿಲ್ಲ.

"ಹೆಣ್ಣು ಹುಡುಗಿ ಮಾರಾಯ್ತಿ, ಇದು ಸರಿಯಾಗದಿದ್ರೆ ಯಾರು ಮದುವೆ ಆಗ್ತಾರೆ?"

ಅಣ್ಣನ ಸೋಡಾಬುಡ್ಡಿ ಕನ್ನಡಕದ ಬಗ್ಗೆ ಮನೆಯಲ್ಲಿ ಯಾರಿಗೂ ಈ ಚಿಂತೆ ಇರಲಿಲ್ಲ.

ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಕೊನೆಯ ಕಂತಿನಲ್ಲಿ ಗಾಲಿಕುರ್ಚಿಯ ನಾಯಕಿ ಎದ್ದು ನಡೆದಳು. ಆಗಷ್ಟೇ ನಾಯಕ ಜೇಬಿನಿಂದ ಉಂಗುರ ತೆಗೆದ.

"ನೋಡು, ಗುಣ ಆಯ್ತು! ಏನಂತಾಳೆ ಅವಳು?" ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವಳು ಒಪ್ಪಿಕೊಂಡಿದ್ದಳು. ನಾನು ಹಾಗೆ ಹೇಳಲಿಲ್ಲ.

"ಕೂತಿದ್ದಾಗ ಬೇಡವಾದವಳು ಈಗ್ಯಾಕೆ ಬೇಕು? ನೀನೂ ನಂಗೆ ಬೇಡ, ಹೋಗು ಅಂತಿದ್ದಾಳೆ."

"ಮತ್ತ್ಯಾಕೆ ಅವನನ್ನ ಅಪ್ಪಿಕೊಂಡಳು?"

"ಅದು ಕೊನೇ ಸಲ ಅಜ್ಜಿ."

ಅಜ್ಜಿಯ ಕೈ ನನ್ನ ಮೊಣಕಾಲ ಮೇಲೆ ನಿಂತಿತು. ಟಿ.ವಿ. ಬಿಟ್ಟು ನನ್ನನ್ನೇ ನೋಡಿದರು. ಆಮೇಲೆ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು ಹೇಳಿದರು:

"ಬಲಗಾಲೂ ಚಾಚು."