ಮನೆಯವರ ಹೆಸರು

ಮಾಗಿಯ ಚಳಿ, ಬೆಳಗಿನ ಎಂಟು ಗಂಟೆ. ನಮ್ಮ ಮನೆಯವರು ತೀರಿಕೊಂಡು ಮೂರು ದಿನವಾಗಿತ್ತು. ಸತ್ತವರು ತಾವು ಹೋದ ಲೋಕದಿಂದಲೇ ಒಂಬತ್ತು ದಿನ ಮನೆ ನೋಡುವಂತೆ ಅಂಗಳದ ಕ್ಯಾಮೆರಾ ಜೋಡಿಸಿಕೊಡಲು ಹುಸೇನಬಿ ಬಂದಿದ್ದಳು. ಊರಲ್ಲಿ ಯಾರು ಸತ್ತರೂ ಅವಳೇ ಬರುವುದು.

“ಅವ್ವಾ, ಅವರ ಹೆಸರು ನಿಮ್ಮ ದನಿಯಾಗ ಬೇಕು. ಇವತ್ತು ದಾಟಿದ್ರ ಅವರಿಗೆ ಮನಿ ಕಾಣಂಗಿಲ್ಲ,” ಅಂದಳು.

ಮದುವೆಯಾಗಿ ಐವತ್ತೆರಡು ವರ್ಷ, ಒಮ್ಮೆಯೂ ಗಂಡನ ಹೆಸರು ಹೇಳಿದವಳಲ್ಲ ನಾನು.

“ನಮ್ಮ ಮನಿಯವರು,” ಅಂದೆ. ಕ್ಯಾಮೆರಾದ ಕೆಂಪು ದೀಪ ಹತ್ತಿತು. “ಗಂಗವ್ವನ ಅಪ್ಪ,” ಅಂದೆ. ಮತ್ತೆ ಕೆಂಪು.

ಹುಸೇನಬಿ ನಕ್ಕಳು. “ಅಲ್ಲಿ ಎಷ್ಟು ಮಂದಿ ಗಂಗವ್ವನ ಅಪ್ಪ ಇರಬೇಕು! ಯಾರನ್ನ ಕರೀಬೇಕು ಅದು?”

ಬಾಯಿಗೆ ಸೆರಗು ಹಿಡಿದು ಮೆಲ್ಲಗೆ ಹೇಳಿದೆ.

“ಸೆರಗು ತಗೀರಿ. ಕೇಳಂಗಿಲ್ಲ ಅದಕ್ಕ.”

ತೆಗೆದೆ. “ಫಕೀರಪ್ಪ,” ಅಂದೆ. ಮೈಯೆಲ್ಲ ಬೆವರಿತು. ಹಸಿರು ದೀಪ ಹತ್ತಿತು.

ಕ್ಯಾಮೆರಾ ಮೊದಲು ಎಮ್ಮೆಯ ಕಡೆ ತಿರುಗಿತು. ಅವರದು ಮೊದಲಿನಿಂದಲೂ ಹಾಗೇ. ಆಮೇಲೆ ನನ್ನ ಕಡೆ ತಿರುಗಿತು. ಕಸ ಗುಡಿಸುವಾಗ, ಪಾತ್ರೆ ತಿಕ್ಕುವಾಗ, ನಾನು ಹೋದ ಕಡೆಗೆಲ್ಲ ಹೊರಳಿತು. ಒಂಬತ್ತು ದಿನದಲ್ಲಿ ಮತ್ತೆ ಎಮ್ಮೆಯನ್ನು ನೋಡಲೇ ಇಲ್ಲ.

ಒಂಬತ್ತನೆಯ ದಿನ, ಬುಧವಾರ ಸಂಜೆ ದೀಪ ಆರಿತು. ನನ್ನ ಲೆಕ್ಕದಲ್ಲಿ ಅವರು ಹೋದದ್ದು ಅವತ್ತು.